ಮೀನಿನಲ್ಲಿ ಫಾರ್ಮಾಲಿನ್ ‘ಇದೆ’ ಎಂದರೆ ಏನರ್ಥ?

ಜೂನ್ 1ಕ್ಕೆ ಯಾಂತ್ರೀಕೃತ ದೋಣಿಗಳೆಲ್ಲ ದಡ ಸೇರುತ್ತವೆ. ಅಲ್ಲಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಮಂಗಳೂರಿನ ದಕ್ಕೆಯಲ್ಲೂ ಮಲ್ಪೆ ಬಂದರಿನಲ್ಲೂ ಟ್ರಾಲ್ ಬೋಟುಗಳ ಸದ್ದಿರುವುದಿಲ್ಲ. ಕಡಲು ಒಪ್ಪಿದ ದಿನ ನಾಡದೋಣಿಯವರು ತರುವ ಮೀನು ಎರಡು ಜಿಲ್ಲೆಯ ಊಟಕ್ಕೆ ಸಾಲದು. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ ಇರುವುದರಿಂದ ಜೂನ್ ತಿಂಗಳ ಮೊದಲೆರಡು ವಾರ ದೇಶದ ಎರಡೂ ಬದಿಯಲ್ಲಿ ದೊಡ್ಡ ಮೀನುಗಾರಿಕೆ ನಿಂತಿರುತ್ತದೆ. ಆಮೇಲೆ ಲಾರಿಗಳು ಬರತೊಡಗುತ್ತವೆ. ಬಂಗುಡೆ, ಬೂತಾಯಿ, ಅಂಜಲ್ ಎಲ್ಲವೂ ನೂರಾರು ಕಿಲೋಮೀಟರು ದಾಟಿಯೇ ತಟ್ಟೆಗೆ ಬರುವ ಕಾಲ ಅದು.

ಮೊಬೈಲಿನಲ್ಲಿ ಆ ಸುದ್ದಿ ಸುತ್ತಲು ತೊಡಗುವುದೂ ಆಗಲೇ. ಹೊರಗಿನ ಮೀನಿಗೆ ಫಾರ್ಮಾಲಿನ್ ಹಾಕಿದ್ದಾರೆ, ತಿಂದರೆ ಕ್ಯಾನ್ಸರ್ ಎಂಬ ಸುದ್ದಿ. ಅದರ ಬೆನ್ನಿಗೆ ಇನ್ನೊಂದು ಬಗೆಯ ಹೇಳಿಕೆ ಬರುತ್ತದೆ: ಪರೀಕ್ಷೆ ಮಾಡಲಾಗಿದೆ, ಇರುವುದು ಮಿತಿಯೊಳಗೆ. ಓದಿದವರಿಗೆ ಮೊದಲನೆಯದಕ್ಕಿಂತ ಎರಡನೆಯದೇ ಹೆಚ್ಚು ಗೊಂದಲ ತರುತ್ತದೆ. ಹೆಣ ಕೆಡದಂತೆ ಇಡಲು ಬಳಸುವ ರಾಸಾಯನಿಕ ಆಹಾರಕ್ಕೆ ನಿಷಿದ್ಧ ಎಂದಮೇಲೆ ಅದಕ್ಕೊಂದು ಮಿತಿ ಯಾಕಿರಬೇಕು? ಮಿತಿ ಇದೆ ಎಂದರೆ ಸ್ವಲ್ಪ ಹಾಕಿದರೆ ಪರವಾಗಿಲ್ಲ ಎಂದೇ?

ಈ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಉತ್ತರ ಹೇಳಬೇಕಾದರೆ, ಮೀನಿನಲ್ಲಿ ಈ ವಸ್ತು ‘ಇದೆ’ ಎನ್ನುವುದನ್ನೂ ಅದನ್ನು ಯಾರೋ ‘ಹಾಕಿದ್ದಾರೆ’ ಎನ್ನುವುದನ್ನೂ ಮೊದಲು ಬೇರೆ ಮಾಡಿ ನೋಡಬೇಕು.

ಗೊಂದಲ ಶುರುವಾದದ್ದು 2018ರಲ್ಲಿ

ಆ ವರ್ಷ ಜೂನ್ ತಿಂಗಳಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ ‘ಆಪರೇಷನ್ ಸಾಗರ ರಾಣಿ’ ಎಂಬ ಹೆಸರಿನಲ್ಲಿ ಗಡಿಯ ಚೆಕ್‌ಪೋಸ್ಟುಗಳಲ್ಲಿ ಮೀನಿನ ಲಾರಿಗಳನ್ನು ತಡೆದು ಪರೀಕ್ಷಿಸಿತು. ವಾಳಯಾರ್, ಆರ್ಯಂಕಾವು ಮುಂತಾದ ಕಡೆ ಟನ್‌ಗಟ್ಟಲೆ ಮೀನು, ಸಿಗಡಿ ಸಿಕ್ಕಿಬಿತ್ತು. ಅದರ ಬೆನ್ನಿಗೆ ಜುಲೈಯಲ್ಲಿ ಗೋವಾದ ಮಡಗಾಂವ್ ಸಗಟು ಮಾರುಕಟ್ಟೆಯಲ್ಲಿ ದಾಳಿ ನಡೆಯಿತು. ಸ್ಥಳದಲ್ಲೇ ಮಾಡಿದ ಪರೀಕ್ಷೆಯಲ್ಲಿ ಫಾರ್ಮಾಲಿನ್ ಕುರುಹು ಕಂಡಿತೆಂಬ ಸುದ್ದಿ ಹರಡಿತು. ಅದೇ ದಿನ ಗೋವಾದ ಇಲಾಖೆ, ಕಂಡದ್ದು ಮಿತಿಯೊಳಗಿನ ಪ್ರಮಾಣ ಎಂದಿತು. ಜನ ಸಿಡಿದೆದ್ದರು. ಮುಚ್ಚಿಹಾಕುತ್ತಿದ್ದಾರೆ ಎಂಬ ಆರೋಪ ವಿಧಾನಸಭೆಯವರೆಗೆ ಹೋಯಿತು. ಗೋವಾ ಸರ್ಕಾರ ಹೊರರಾಜ್ಯದ ಮೀನನ್ನು 15 ದಿನ ನಿಷೇಧಿಸಿತು. ನವೆಂಬರಿನಲ್ಲಿ ಮತ್ತೆ ಬಿಗಿಮಾಡಿ, ನೋಂದಣಿಯೂ ಶಾಖ ತಡೆಯುವ ಪೆಟ್ಟಿಗೆಯ ವಾಹನವೂ ಇಲ್ಲದವರನ್ನು ಗಡಿಯಲ್ಲೇ ನಿಲ್ಲಿಸಿತು. ಅಸ್ಸಾಂ ಕೂಡ ಆ ಜುಲೈಯಲ್ಲಿ ಆಂಧ್ರದ ಮೀನಿಗೆ 10 ದಿನ ಬಾಗಿಲು ಹಾಕಿತ್ತು.

ಗೋವಾದ ಗಡಿಯಲ್ಲಿ ನಿಂತ ಲಾರಿಗಳಲ್ಲಿ ನಮ್ಮ ಕರಾವಳಿಯ ಮೀನೂ ಇತ್ತು. ಮಂಗಳೂರು, ಉಡುಪಿಯವರು ಇದನ್ನು ನೆನಪಿಡಬೇಕು. ಮಳೆಗಾಲದಲ್ಲಿ ನಾವು ತಮಿಳುನಾಡಿನ ಮೀನನ್ನು ಅನುಮಾನದಿಂದ ನೋಡುವಂತೆಯೇ, ಉಳಿದ ಹತ್ತು ತಿಂಗಳು ಗೋವಾದವರಿಗೂ ಕೇರಳದವರಿಗೂ ಮಲ್ಪೆಯ ಮೀನು ‘ಹೊರಗಿನ ಮೀನು’.

ಅಂಟಿನ ಕಾರ್ಖಾನೆಯಿಂದ ಮೀನಿನ ಪೆಟ್ಟಿಗೆಗೆ

ಫಾರ್ಮಾಲ್ಡಿಹೈಡ್ ಒಂದು ಅನಿಲ. ಒಂದು ಇಂಗಾಲ, ಒಂದು ಆಮ್ಲಜನಕ, ಎರಡು ಜಲಜನಕದ ಪುಟ್ಟ ಅಣು. ಇದನ್ನು ನೀರಿನಲ್ಲಿ ಸುಮಾರು 37 ಶೇಕಡಾದಷ್ಟು ಕರಗಿಸಿ, ಗಟ್ಟಿಕಟ್ಟದಂತೆ ಸ್ವಲ್ಪ ಮೆಥನಾಲ್ ಸೇರಿಸಿದರೆ ಅದೇ ಫಾರ್ಮಾಲಿನ್. ಜಗತ್ತಿನಲ್ಲಿ ತಯಾರಾಗುವ ಫಾರ್ಮಾಲ್ಡಿಹೈಡ್‌ನ ಬಹುಪಾಲು ಹೋಗುವುದು ಪ್ಲೈವುಡ್, ಪಾರ್ಟಿಕಲ್ ಬೋರ್ಡುಗಳ ಅಂಟಿಗೆ. ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಶವ ಕಾಪಾಡಲು, ರೋಗಪರೀಕ್ಷೆಗೆ ಕತ್ತರಿಸಿದ ಅಂಗಾಂಶ ಇಡಲು ಇದೇ ಬೇಕು. ಪ್ರಯೋಗಾಲಯಕ್ಕೆ ಕಳಿಸುವ ಹಾಲಿನ ಮಾದರಿ ದಾರಿಯಲ್ಲಿ ಕೆಡದಿರಲಿ ಎಂದು ಆಹಾರ ಅಧಿಕಾರಿಗಳೇ ಅದಕ್ಕೆ ಫಾರ್ಮಾಲಿನ್ ಹನಿ ಹಾಕುವ ಕ್ರಮವಿದೆ. ಇಷ್ಟು ಕಡೆ ಬಳಕೆಯಲ್ಲಿರುವ, ಅಗ್ಗದ ದ್ರವ ಇದು. ಆದ್ದರಿಂದಲೇ ದುರುಪಯೋಗವೂ ಸುಲಭ.

ಇದು ಕೆಲಸ ಮಾಡುವ ರೀತಿ ಸರಳ. ಮಾಂಸದ ಪ್ರೋಟೀನು ಉದ್ದನೆಯ ದಾರಗಳ ಹಾಗೆ. ಫಾರ್ಮಾಲ್ಡಿಹೈಡ್ ಒಂದು ದಾರವನ್ನು ಇನ್ನೊಂದಕ್ಕೆ ಹೊಲಿದುಬಿಡುತ್ತದೆ. ಬ್ಯಾಕ್ಟೀರಿಯಾದ ಪ್ರೋಟೀನಿಗೂ ಇದೇ ಗತಿಯಾಗುವುದರಿಂದ ಅವು ಸಾಯುತ್ತವೆ, ಕೊಳೆಯುವುದು ನಿಲ್ಲುತ್ತದೆ. ಮೀನಿನ ಮೈ ಸೆಟೆದು ನಿಲ್ಲುತ್ತದೆ. ಗಟ್ಟಿಯಾಗಿದ್ದರೆ ತಾಜಾ ಎಂದು ಒತ್ತಿ ನೋಡುವವರು ಮೋಸಹೋಗುವುದು ಇಲ್ಲೇ. ಕೆಡಬೇಕಾದ ಮೀನು ಕೆಡುವುದಿಲ್ಲ, ಆದರೆ ತಾಜಾ ಕೂಡ ಆಗುವುದಿಲ್ಲ. ಅದು ಅಷ್ಟರೊಳಗೆ ಎಷ್ಟು ಹಳೆಯದಾಗಿತ್ತೋ ಆ ಹಂತದಲ್ಲಿ ಗಟ್ಟಿಯಾಗಿರುತ್ತದೆ, ಅಷ್ಟೇ.

ಭಾರತದ ಕಾನೂನಿನಲ್ಲಿ ಈ ವಿಷಯಕ್ಕೆ ಅಸ್ಪಷ್ಟತೆಯೇನಿಲ್ಲ. ಆಹಾರಕ್ಕೆ ಸೇರಿಸಬಹುದಾದ ವಸ್ತುಗಳ ಪಟ್ಟಿಯಲ್ಲಿ ಫಾರ್ಮಾಲ್ಡಿಹೈಡ್ ಇಲ್ಲ. ಮೀನಿಗೆ ಒಂದು ಹನಿ ಹಾಕಿದರೂ ಅಪರಾಧ.

ಮೀನು ತಾನೇ ತಯಾರಿಸುವ ಫಾರ್ಮಾಲ್ಡಿಹೈಡ್

ಹಾಗಾದರೆ ಮಿತಿ ಎಲ್ಲಿಂದ ಬಂತು? ಇದಕ್ಕೆ ಕಡಲಿನ ಉಪ್ಪಿನಿಂದ ಶುರುಮಾಡಬೇಕು.

ಸಮುದ್ರದ ನೀರು ಮೀನಿನ ಮೈಯೊಳಗಿನ ದ್ರವಕ್ಕಿಂತ ಹೆಚ್ಚು ಉಪ್ಪು. ಹೀಗಿದ್ದಾಗ ಜೀವಕೋಶದ ನೀರು ಹೊರಗೆ ಸೆಳೆದುಹೋಗುವ ಅಪಾಯವಿದೆ. ಅದನ್ನು ತಡೆಯಲು, ಪ್ರೋಟೀನುಗಳನ್ನು ಕಾಪಾಡಲು ಕಡಲಮೀನುಗಳು ತಮ್ಮ ಮಾಂಸದಲ್ಲಿ ಟ್ರೈಮಿಥೈಲಮೀನ್ ಆಕ್ಸೈಡ್ ಎಂಬ ವಸ್ತುವನ್ನು ಇಟ್ಟುಕೊಂಡಿರುತ್ತವೆ. ಮೀನು ಸತ್ತಮೇಲೆ ಇದಕ್ಕೆ ಎರಡು ದಾರಿ. ಬ್ಯಾಕ್ಟೀರಿಯಾದ ಕೈಗೆ ಸಿಕ್ಕರೆ ಇದು ಟ್ರೈಮಿಥೈಲಮೀನ್ ಆಗುತ್ತದೆ. ಹಳೆಯ ಮೀನಿನ ನಾತ ನಮಗೆ ಗೊತ್ತಿರುವುದು ಇದರಿಂದಲೇ. ಮೀನಿನದೇ ಒಂದು ಕಿಣ್ವದ ಕೈಗೆ ಸಿಕ್ಕರೆ ಅದೇ ವಸ್ತು ಒಡೆದು ಎರಡಾಗುತ್ತದೆ. ಒಂದು ಡೈಮಿಥೈಲಮೀನ್, ಇನ್ನೊಂದು ಫಾರ್ಮಾಲ್ಡಿಹೈಡ್.

ಈ ಎರಡನೆಯ ದಾರಿ ಎಲ್ಲ ಮೀನಿನಲ್ಲೂ ಒಂದೇ ಸಮ ತೆರೆದಿರುವುದಿಲ್ಲ. ಯುರೋಪಿನವರು ತಿನ್ನುವ ಕಾಡ್, ಹೇಕ್ ಜಾತಿಯ ಮೀನುಗಳಲ್ಲಿ, ನಮ್ಮ ಅರಣೆ ಮೀನಿನಲ್ಲಿ, ಬೊಂಬಿಲ್‌ನಲ್ಲಿ ಆ ಕಿಣ್ವ ಚುರುಕು. ಬಂಗುಡೆ, ಬೂತಾಯಿಯಂಥ ಮೇಲ್ನೀರಿನ ಮೀನುಗಳಲ್ಲಿ ಅಷ್ಟಿಲ್ಲ. ಕೆರೆ-ಹೊಳೆಯ ಕಾಟ್ಲಾ, ರೋಹುಗಳಲ್ಲಿ ಮೂಲವಸ್ತುವೇ ಅತ್ಯಲ್ಪ. ಇನ್ನೊಂದು ವಿಚಿತ್ರವೆಂದರೆ, ಮೀನು ಹೆಪ್ಪುಗಟ್ಟಿದಾಗ ಬ್ಯಾಕ್ಟೀರಿಯಾ ನಿಂತುಬಿಡುತ್ತವೆ, ಕಿಣ್ವ ನಿಲ್ಲುವುದಿಲ್ಲ. ಹಾಗಾಗಿ ಅರಣೆ ಮೀನನ್ನು ಸಾಕಷ್ಟು ತಣ್ಣಗಿಲ್ಲದ ಫ್ರೀಜರಿನಲ್ಲಿ ವಾರಗಟ್ಟಲೆ ಇಟ್ಟರೆ, ಯಾರೂ ಏನೂ ಹಾಕದಿದ್ದರೂ ಅದರ ಫಾರ್ಮಾಲ್ಡಿಹೈಡ್ ಏರುತ್ತ ಹೋಗುತ್ತದೆ. ಮಾಂಸ ನಾರುನಾರಾಗುವುದಕ್ಕೆ ಇದೂ ಕಾರಣ.

ಮೀನು ಒಂದೇ ಅಲ್ಲ. ಸೇಬಿನಲ್ಲಿ ಕಿಲೋಗೆ 6ರಿಂದ 22 ಮಿಲಿಗ್ರಾಂ, ಹೂಕೋಸಿನಲ್ಲಿ ಸುಮಾರು 27, ಪಿಯರ್ ಹಣ್ಣಿನಲ್ಲಿ 60ರವರೆಗೂ ಸಹಜ ಫಾರ್ಮಾಲ್ಡಿಹೈಡ್ ಅಳೆದ ದಾಖಲೆಗಳಿವೆ. ಒಣಗಿದ ಶಿಟಾಕಿ ಅಣಬೆಯಲ್ಲಿ 100 ದಾಟುತ್ತದೆ.

4 ಮತ್ತು 100

ಈ ಕಾರಣಕ್ಕೇ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2019ರಲ್ಲಿ ಮೀನುಗಳನ್ನು ಎರಡು ಗುಂಪು ಮಾಡಿ ತಾತ್ಕಾಲಿಕ ಮಿತಿ ಹಾಕಿತು. ಸಹಜವಾಗಿ ಕಡಿಮೆ ಇರುವ ಗುಂಪಿಗೆ ಕಿಲೋಗೆ 4 ಮಿಲಿಗ್ರಾಂ, ಹೆಚ್ಚು ಉಂಟಾಗಬಲ್ಲ ಗುಂಪಿಗೆ 100 ಮಿಲಿಗ್ರಾಂ. ಇವು ಮೀನಿನೊಳಗೆ ತಾನಾಗಿ ಹುಟ್ಟುವುದಕ್ಕೆ ಹಾಕಿದ ಅಳತೆ. ಸೇರಿಸಲು ಕೊಟ್ಟ ಪರವಾನಗಿ ಅಲ್ಲ. ಇಟಲಿಯಂಥ ದೇಶ 1980ರ ದಶಕದಲ್ಲೇ ಕಾಡ್ ಜಾತಿಯ ಮೀನಿಗೆ 60, ಸಿಗಡಿ-ಏಡಿ ವರ್ಗಕ್ಕೆ 10 ಮಿಲಿಗ್ರಾಂ ಎಂದು ಬೇರೆ ಬೇರೆ ಮಿತಿ ಇಟ್ಟಿತ್ತು.

ಮಿತಿಯ ಬಗ್ಗೆ ಎರಡು ಕಡೆಯಿಂದ ಆಕ್ಷೇಪವಿದೆ. ಗ್ರಾಹಕರ ಪರವಾಗಿ ಮಾತಾಡುವವರ ವಾದ ಹೀಗೆ: ನಿಷಿದ್ಧ ವಸ್ತುವಿಗೆ ಸಂಖ್ಯೆಯೊಂದನ್ನು ಕೊಟ್ಟರೆ ಮೋಸಗಾರನಿಗೆ ಆ ಸಂಖ್ಯೆಯವರೆಗೆ ದಾರಿ ಮಾಡಿಕೊಟ್ಟಂತೆ. ಸಹಜವಾಗಿ 10 ಮಿಲಿಗ್ರಾಂ ಇದ್ದ ಮೀನಿಗೆ ಇನ್ನೂ 80 ಸೇರಿಸಿದರೂ 100ರ ಕೆಳಗೇ ಉಳಿಯುತ್ತದೆ. ವ್ಯಾಪಾರಿಗಳ ವಾದ ಇದಕ್ಕೆ ಎದುರು: ಶೂನ್ಯ ಇರಬೇಕು ಎಂದರೆ ಕಡಲಿನಿಂದ ನೇರ ಬಂದ ಅರಣೆ ಮೀನು ಕೂಡ ತಪ್ಪಿತಸ್ಥ ಆಗುತ್ತದೆ, ಪ್ರಾಮಾಣಿಕನೂ ಜೈಲಿಗೆ ಹೋಗಬೇಕಾಗುತ್ತದೆ.

ಎರಡೂ ವಾದ ಸರಿಯಾಗಿಯೇ ಇವೆ. ನನ್ನ ಅಭಿಪ್ರಾಯದಲ್ಲಿ ದೋಷ ಮಿತಿಯಲ್ಲಿಲ್ಲ. ಮಿತಿಯೊಂದನ್ನೇ ತೀರ್ಪು ಎಂದು ಓದುವುದರಲ್ಲಿದೆ. ಸಂಖ್ಯೆ ಎಷ್ಟು ಎಂದು ಕೇಳುವ ಮೊದಲು ಮೀನು ಯಾವುದು, ಹಿಡಿದು ಎಷ್ಟು ದಿನವಾಯಿತು, ಐಸಿನಲ್ಲಿತ್ತೋ ಫ್ರೀಜರಿನಲ್ಲಿತ್ತೋ ಎಂದು ಕೇಳಬೇಕು. ಎರಡು ದಿನ ಐಸಿನಲ್ಲಿದ್ದ ಕಾಟ್ಲಾದಲ್ಲಿ 20 ಮಿಲಿಗ್ರಾಂ ಕಂಡರೆ ಅದು ಗಂಟಲಿಗೆ ಸಿಕ್ಕಿಕೊಳ್ಳಬೇಕಾದ ಪ್ರಶ್ನೆ. ಮೂರು ವಾರ ಫ್ರೀಜರಿನಲ್ಲಿದ್ದ ಅರಣೆ ಮೀನಿನಲ್ಲಿ ಅಷ್ಟೇ ಕಂಡರೆ ಅದು ರಸಾಯನಶಾಸ್ತ್ರದ ಪಾಠ.

ಹೊಟ್ಟೆಗೆ ಹೋದರೆ ಏನಾಗುತ್ತದೆ

‘ಫಾರ್ಮಾಲಿನ್ ತಿಂದರೆ ಕ್ಯಾನ್ಸರ್’ ಎಂಬ ಮಾತನ್ನು ಬಿಡಿಸಿ ನೋಡಬೇಕು. ಅದರಲ್ಲಿ ನಿಜ ಇದೆ, ಆದರೆ ನಿಜ ಇರುವ ಜಾಗ ಬೇರೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡ್ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿತು. ಅದಕ್ಕೆ ಆಧಾರವಾದದ್ದು ಕಾರ್ಖಾನೆಗಳಲ್ಲಿ, ಶವಸಂರಕ್ಷಣೆಯ ಕೆಲಸದಲ್ಲಿ ವರ್ಷಗಟ್ಟಲೆ ಇದರ ಹಬೆ ಉಸಿರಾಡಿದವರ ಅಧ್ಯಯನ. ಅವರಲ್ಲಿ ಮೂಗಿನ ಹಿಂಭಾಗದ ಕ್ಯಾನ್ಸರ್, ಮುಂದಿನ ಪರಿಶೀಲನೆಯಲ್ಲಿ ರಕ್ತದ ಕ್ಯಾನ್ಸರ್ ಕೂಡ ಈ ರಾಸಾಯನಿಕಕ್ಕೆ ಸಂಬಂಧಿಸಿದ್ದೆಂದು ಕಂಡುಬಂತು. ಉಸಿರಿನಲ್ಲಿ ಹೋದದ್ದು ಮೊದಲು ತಗಲುವುದು ಮೂಗಿನ ತೆಳುಪೊರೆಗೆ. ಅಲ್ಲೇ ಅದು ಪ್ರೋಟೀನಿಗೂ ಡಿಎನ್‌ಎಗೂ ಅಂಟಿಕೊಳ್ಳುತ್ತದೆ.

ಬಾಯಿಯಿಂದ ಹೋದಾಗ ಕತೆ ಸ್ವಲ್ಪ ಬೇರೆ. ನಮ್ಮ ದೇಹವೇ ಪ್ರತಿ ಕ್ಷಣ ಫಾರ್ಮಾಲ್ಡಿಹೈಡ್ ತಯಾರಿಸುತ್ತದೆ, ಪ್ರತಿ ಕ್ಷಣ ಮುರಿದುಹಾಕುತ್ತದೆ. ಯಾವುದೇ ಆರೋಗ್ಯವಂತರ ರಕ್ತದಲ್ಲಿ ಲೀಟರಿಗೆ 2ರಿಂದ 3 ಮಿಲಿಗ್ರಾಂ ಇರುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2014ರಲ್ಲಿ ಹಾಕಿದ ಲೆಕ್ಕದ ಪ್ರಕಾರ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 878ರಿಂದ 1310 ಮಿಲಿಗ್ರಾಂ ನಮ್ಮೊಳಗೇ ಹುಟ್ಟಿ ಕರಗುತ್ತದೆ. 60 ಕಿಲೋ ತೂಕದವರಿಗೆ ಅದು 50 ಗ್ರಾಂಗೂ ಮೇಲೆ. ಹುಟ್ಟಿದ್ದರಲ್ಲಿ ಅರ್ಧ ಒಂದೂವರೆ ನಿಮಿಷದೊಳಗೆ ಫಾರ್ಮಿಕ್ ಆಮ್ಲದತ್ತ ತಿರುಗಿಬಿಡುತ್ತದೆ. ಆಹಾರದಿಂದ ಬರುವುದು ದಿನಕ್ಕೆ 100 ಮಿಲಿಗ್ರಾಂ ದಾಟುವುದಿಲ್ಲ ಎಂದೂ ಅದೇ ವರದಿ ಹೇಳಿತು. ಈ ಸಂಖ್ಯೆಗಳನ್ನು ಹಿಡಿದು, ಮೀನಿನದು ಏನೂ ಅಲ್ಲ ಎನ್ನುವವರು ಒಂದು ಪಕ್ಷ.

ಇನ್ನೊಂದು ಪಕ್ಷದ ಲೆಕ್ಕ ಇಲಿಗಳ ಪ್ರಯೋಗದಿಂದ ಶುರುವಾಗುತ್ತದೆ. ಎರಡು ವರ್ಷ ಕುಡಿಯುವ ನೀರಿನಲ್ಲಿ ಫಾರ್ಮಾಲ್ಡಿಹೈಡ್ ಕೊಟ್ಟಾಗ, ದೇಹತೂಕದ ಕಿಲೋಗೆ ದಿನಕ್ಕೆ 82 ಮಿಲಿಗ್ರಾಂ ಕುಡಿದ ಗಂಡಿಲಿಗಳ ಜಠರದ ಒಳಪೊರೆ ಹುಣ್ಣಾಯಿತು. 15 ಮಿಲಿಗ್ರಾಂ ಕುಡಿದವಕ್ಕೆ ಏನೂ ಆಗಲಿಲ್ಲ. ಆ 15ನ್ನು ಸುರಕ್ಷತೆಗಾಗಿ ನೂರರಿಂದ ಭಾಗಿಸಿ, ಮನುಷ್ಯರಿಗೆ ಜೀವನಪೂರ್ತಿ ದಿನವೂ ತಿಂದರೂ ಸಹ್ಯವಾದ ಪ್ರಮಾಣ ಕಿಲೋಗೆ 0.15 ಮಿಲಿಗ್ರಾಂ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯದು 0.2.

ಇದನ್ನು ನಮ್ಮ ತಟ್ಟೆಗೆ ತರೋಣ. 60 ಕಿಲೋ ತೂಕದವರಿಗೆ ದಿನಕ್ಕೆ 9 ಮಿಲಿಗ್ರಾಂ. ಕಿಲೋಗೆ 4 ಮಿಲಿಗ್ರಾಂ ಇರುವ ಮೀನನ್ನು 200 ಗ್ರಾಂ ತಿಂದರೆ ಹೊಟ್ಟೆಗೆ ಹೋಗುವುದು 0.8 ಮಿಲಿಗ್ರಾಂ. ಗಡಿಯಿಂದ ಬಹಳ ದೂರ. 100 ಮಿಲಿಗ್ರಾಂ ಇರುವ ಮೀನಾದರೆ ಅದೇ 200 ಗ್ರಾಂಗೆ 20 ಮಿಲಿಗ್ರಾಂ. ಗಡಿಯ ಎರಡುಪಟ್ಟಿಗೂ ಮೇಲೆ. 15 ಕಿಲೋದ ಮಗುವಿಗೆ ಸಹ್ಯ ಪ್ರಮಾಣ 2.25 ಮಿಲಿಗ್ರಾಂ. ಅಂಥ ಮೀನಿನ 75 ಗ್ರಾಂ ತುಂಡಿನಲ್ಲೇ 7.5 ಇರುತ್ತದೆ. ಇದು ಒಂದು ದಿನ ತಿಂದರೆ ವಿಷವಾಗುವ ಅಳತೆ ಅಲ್ಲ, ಜೀವನವಿಡೀ ದಿನವೂ ತಿಂದರೆ ಎಂಬ ಅಳತೆ. ಆದರೂ ಮಧ್ಯಾಹ್ನ ಗಂಜಿಗೂ ರಾತ್ರಿ ಅನ್ನಕ್ಕೂ ಮೀನೇ ಬೇಕು ಎನ್ನುವ ಕರಾವಳಿಯಲ್ಲಿ ‘ದಿನವೂ’ ಎಂಬುದು ಬರಿಯ ಲೆಕ್ಕದ ಮಾತಲ್ಲ. ವಾರಕ್ಕೊಮ್ಮೆ ಮೀನು ತಿನ್ನುವ ಊರಿನ ಅಂದಾಜು ನಮಗೆ ಒಪ್ಪುವುದಿಲ್ಲ.

ದೇಹವೇ 50 ಗ್ರಾಂ ತಯಾರಿಸುವಾಗ 20 ಮಿಲಿಗ್ರಾಂ ಏನು ಮಾಡೀತು ಎಂದು ಕೇಳಬಹುದು. ದೇಹದೊಳಗಿನದು ಕೋಟ್ಯಂತರ ಜೀವಕೋಶಗಳಲ್ಲಿ ಚೂರುಚೂರಾಗಿ ಹುಟ್ಟಿ ಅಲ್ಲೇ ಮುಗಿಯುತ್ತದೆ. ಹೊರಗಿನದು ಒಮ್ಮೆಗೇ ಒಂದು ಜಾಗಕ್ಕೆ, ಜಠರದ ಪೊರೆಗೆ, ತಗಲುತ್ತದೆ. ಇಲಿಗಳಲ್ಲಿ ಹುಣ್ಣಾದದ್ದೂ ಅಲ್ಲೇ. ಇನ್ನು ಮೀನನ್ನು ಫಾರ್ಮಾಲಿನ್ ನೀರಿನಲ್ಲಿ ಅದ್ದುವವನು ಅಳತೆ ಮಾಡಿ ಅದ್ದುವುದಿಲ್ಲ. 37 ಶೇಕಡಾದ ಫಾರ್ಮಾಲಿನ್ ಸುಮಾರು 30 ಮಿಲಿಲೀಟರು ಕುಡಿದರೆ ದೊಡ್ಡವರ ಜೀವವೇ ಹೋಗಬಹುದು. ಅಂಥದ್ದನ್ನು ಅಂದಾಜಿನ ಮೇಲೆ ಸುರಿದ ಪೆಟ್ಟಿಗೆಯಲ್ಲಿ ಒಂದು ಮೀನಿಗೆ ಕಡಿಮೆ, ಇನ್ನೊಂದಕ್ಕೆ ವಿಪರೀತ ತಗಲಿರುತ್ತದೆ. ಆ ಮೀನನ್ನು ತೊಳೆದು ಮಾರುವ ಬಡ ಹೆಂಗಸಿನ ಕೈಗೂ ಮೂಗಿಗೂ ತಿನ್ನುವವರಿಗಿಂತ ಹೆಚ್ಚು ಹೋಗುತ್ತದೆ. ಕ್ಯಾನ್ಸರಿನ ಗಟ್ಟಿ ಸಾಕ್ಷ್ಯ ಇರುವುದು ಉಸಿರಾಟದ ದಾರಿಯಲ್ಲಿ ಎಂದು ನೆನೆದರೆ, ಈ ಚರ್ಚೆಯಲ್ಲಿ ಅವಳ ಹೆಸರೇ ಬರದಿರುವುದು ಅನ್ಯಾಯ.

ಪಟ್ಟಿಯ ಬಣ್ಣ, ಪ್ರಯೋಗಾಲಯದ ಹದಿನಾಲ್ಕು ದಿನ

ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ತಯಾರಿಸಿದ ಕಾಗದದ ಪಟ್ಟಿಯನ್ನು ಮೀನಿನ ಮೈಗೆ ಉಜ್ಜಿ, ದ್ರಾವಣದ ಹನಿ ಹಾಕಿದರೆ ಒಂದೆರಡು ನಿಮಿಷದಲ್ಲಿ ಬಣ್ಣ ತಿರುಗುತ್ತದೆ. ಸಾಗರ ರಾಣಿಯ ತಪಾಸಣೆಗೆ ಬಲ ಬಂದದ್ದು ಇಂಥ ಪಟ್ಟಿಗಳಿಂದ. ಲಾರಿ ತಡೆದು ನಿಲ್ಲಿಸಲು ಇದು ಒಳ್ಳೆಯ ಉಪಕರಣ. ಆದರೆ ಬಣ್ಣ ಹೇಳುವುದು ಫಾರ್ಮಾಲ್ಡಿಹೈಡ್ ಇದೆ ಎಂದಷ್ಟೇ. ಎಷ್ಟು ಎಂದೂ ಹೇಳದು, ಎಲ್ಲಿಂದ ಬಂತು ಎಂದೂ ಹೇಳದು.

ಎಷ್ಟು ಎಂದು ತಿಳಿಯಲು ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು. ಕಾನೂನಿನ ಪ್ರಕಾರ ಅಧಿಕಾರಿ ಮಾದರಿಯನ್ನು ನಾಲ್ಕು ಪಾಲು ಮಾಡಿ ಮುದ್ರೆ ಹಾಕುತ್ತಾರೆ. ಆಹಾರ ವಿಶ್ಲೇಷಕರಿಗೆ ವರದಿ ಕೊಡಲು 14 ದಿನ. ವರದಿ ಒಪ್ಪದಿದ್ದರೆ ವ್ಯಾಪಾರಿ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಆಗ ಇನ್ನೊಂದು ಪಾಲು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಂಥ (ಸಿಎಫ್‌ಟಿಆರ್‌ಐ) ರೆಫರಲ್ ಪ್ರಯೋಗಾಲಯಕ್ಕೆ, ಅಂದರೆ ಮರುಪರೀಕ್ಷೆಯ ಪ್ರಯೋಗಾಲಯಕ್ಕೆ, ಹೋಗುತ್ತದೆ. ಈ ಕ್ರಮ ಎಣ್ಣೆಗೆ, ಬೇಳೆಗೆ, ಮಸಾಲೆಗೆ ಸರಿ. ಮೀನಿಗೆ? ಲಾರಿಯ ಮೀನು 14 ದಿನ ಕಾಯುವುದಿಲ್ಲ. ವರದಿ ಬರುವ ಹೊತ್ತಿಗೆ ಅದು ತಿಂದು ಮುಗಿದಿರುತ್ತದೆ, ಇಲ್ಲವೇ ಕೊಳೆತಿರುತ್ತದೆ. ಫ್ರೀಜರಿನಲ್ಲಿಟ್ಟ ಪಾಲಿನಲ್ಲಿ, ಅದು ಅರಣೆ ಮೀನಿನಂಥದ್ದಾದರೆ, ಕಾಯುವ ಅವಧಿಯಲ್ಲೇ ಫಾರ್ಮಾಲ್ಡಿಹೈಡ್ ಹೆಚ್ಚುತ್ತದೆ. ನ್ಯಾಯಾಲಯದಲ್ಲಿ ವ್ಯಾಪಾರಿಯ ವಕೀಲರಿಗೆ ಇಷ್ಟೇ ಸಾಕು. ನಿಜವಾಗಿ ಹಾಕಿದವನೂ ಇದೇ ಬಾಗಿಲಿನಿಂದ ಹೊರಗೆ ಬರುತ್ತಾನೆ.

ಹಾಕಿದ್ದನ್ನೂ ಹುಟ್ಟಿದ್ದನ್ನೂ ಬೇರೆ ಮಾಡಲು ರಸಾಯನಶಾಸ್ತ್ರದಲ್ಲೇ ಒಂದು ದಾರಿ ಇದೆ. ಮೀನಿನೊಳಗೆ ಫಾರ್ಮಾಲ್ಡಿಹೈಡ್‌ನ ಒಂದು ಅಣು ಹುಟ್ಟಿದರೆ ಡೈಮಿಥೈಲಮೀನಿನ ಒಂದು ಅಣುವೂ ಜೊತೆಗೆ ಹುಟ್ಟಲೇಬೇಕು. ತೂಕದ ಲೆಕ್ಕದಲ್ಲಿ 10 ಮಿಲಿಗ್ರಾಂ ಫಾರ್ಮಾಲ್ಡಿಹೈಡ್‌ಗೆ 15 ಮಿಲಿಗ್ರಾಂ ಡೈಮಿಥೈಲಮೀನ್. ಫಾರ್ಮಾಲ್ಡಿಹೈಡ್ ಸ್ವಲ್ಪ ಪ್ರೋಟೀನಿಗೆ ಅಂಟಿ ಕಣ್ಮರೆಯಾಗುವುದರಿಂದ, ಸಹಜ ಮೀನಿನಲ್ಲಿ ಅಳತೆಗೆ ಸಿಗುವುದು ಇನ್ನೂ ಕಡಿಮೆಯೇ. ಇದರರ್ಥ, ಡೈಮಿಥೈಲಮೀನ್ ಹೆಚ್ಚೇನೂ ಇಲ್ಲದೆ ಫಾರ್ಮಾಲ್ಡಿಹೈಡ್ ಮಾತ್ರ ತುಂಬ ಕಂಡರೆ ಅದು ಡಬ್ಬಿಯಿಂದ ಬಂದದ್ದು. ಎರಡನ್ನೂ ಒಟ್ಟಿಗೆ ಅಳೆಯುವುದನ್ನು ಕಡ್ಡಾಯ ಮಾಡಿದರೆ 100ರ ಮಿತಿಯ ನೆರಳಿನಲ್ಲಿ ಅಡಗುವುದು ಕಷ್ಟವಾಗುತ್ತದೆ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಿಂದ ಮಂಗಳೂರಿನಲ್ಲೇ ಇದೆ. ಈ ಅಳತೆಗೆ ಬೇಕಾದ ವಿದ್ಯೆ ಊರಿಗೆ ಹೊಸದಲ್ಲ.

ಐಸಿನ ಲೆಕ್ಕ

ಒಬ್ಬ ವ್ಯಾಪಾರಿ ಫಾರ್ಮಾಲಿನ್ ಡಬ್ಬಿಗೆ ಕೈಹಾಕುವುದು ಯಾಕೆ? ಐಸ್ ಭಾರ, ಕರಗುತ್ತದೆ, ಹಣ ಬೇಕು.

ಮೀನು ಕೆಡುವ ವೇಗ ತಾಪಮಾನಕ್ಕೆ ಕಟ್ಟುಬಿದ್ದಿದೆ. 0 ಡಿಗ್ರಿಗೆ ಹೋಲಿಸಿದರೆ 5 ಡಿಗ್ರಿಯಲ್ಲಿ ಎರಡುಪಟ್ಟಿಗೂ ಮೇಲೆ, 10 ಡಿಗ್ರಿಯಲ್ಲಿ ನಾಲ್ಕುಪಟ್ಟು. ಐಸಿನಲ್ಲಿ ಒಂದು ದಿನಕ್ಕೆ ಕೆಡುವಷ್ಟು 10 ಡಿಗ್ರಿಯಲ್ಲಿ ಆರು ಗಂಟೆಯಲ್ಲಿ ಕೆಡುತ್ತದೆ. ಆಳಸಮುದ್ರದ ಬೋಟು ಹತ್ತು ದಿನ ಕಡಲಲ್ಲಿದ್ದು ಬಂದರೆ ಮೊದಲ ಬಲೆಯ ಮೀನಿಗೆ ದಕ್ಕೆ ಮುಟ್ಟುವಾಗಲೇ ಅಷ್ಟು ವಯಸ್ಸಾಗಿರುತ್ತದೆ. ಅಲ್ಲಿಂದ ಏಲಂ, ಲಾರಿ, ಸಗಟು ಮಾರುಕಟ್ಟೆ, ಬುಟ್ಟಿ. ನಮ್ಮ ಸೆಖೆಯಲ್ಲಿ ಮೀನಿನಷ್ಟೇ ತೂಕದ ಐಸ್ ಬೇಕು. ಅಂದರೆ ಲಾರಿಯ ಅರ್ಧ ಜಾಗ ಐಸಿಗೆ. ಆ ಜಾಗದಲ್ಲೂ ಮೀನೇ ತುಂಬಿದರೆ ಒಂದು ಕಿಲೋ ಮೀನಿಗೆ ತಗಲುವ ಬಾಡಿಗೆ ಅರ್ಧವಾಗುತ್ತದೆ. ಫಾರ್ಮಾಲಿನ್‌ನ ಆಸೆ ಹುಟ್ಟುವುದು ಈ ಅರ್ಧ ಬಾಡಿಗೆಯಲ್ಲಿ.

ಐಸ್ ಕಡಿಮೆಯಾದಾಗ ಬರುವ ಇನ್ನೊಂದು ಅಪಾಯದ ಬಗ್ಗೆ ಯಾರೂ ಮಾತಾಡುವುದಿಲ್ಲ. ಬಂಗುಡೆ, ಬೂತಾಯಿ, ಕೇದರದಂಥ (ಟ್ಯೂನಾ) ಮೀನುಗಳನ್ನು ಬೆಚ್ಚಗೆ ಬಿಟ್ಟರೆ ಬ್ಯಾಕ್ಟೀರಿಯಾ ಅದರಲ್ಲಿ ಹಿಸ್ಟಮೀನ್ ಉಂಟುಮಾಡುತ್ತವೆ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ‘ಮೀನು ಮೈಗೆ ಆಗಲಿಲ್ಲ’ ಎಂದು ನಾವು ಬಿಟ್ಟುಬಿಡುವ ಎಷ್ಟೋ ಪ್ರಸಂಗಗಳು ಇವೇ. ಕುದಿಸಿದರೂ ಕಾವಲಿಯಲ್ಲಿ ಹುರಿದರೂ ಹಿಸ್ಟಮೀನ್ ಹೋಗುವುದಿಲ್ಲ. ಫಾರ್ಮಾಲಿನ್ ಪಟ್ಟಿಯಲ್ಲಿ ಬಣ್ಣ ಬರಲಿಲ್ಲ ಎಂದು ಬಿಟ್ಟುಕಳಿಸಿದ ಲಾರಿಯಲ್ಲಿ ಇದು ಇರಬಹುದು.

ಹಾಗಾಗಿ ಗಡಿಯಲ್ಲಿ ನಿಂತ ಅಧಿಕಾರಿ ಮೊದಲು ಮಾಡಬೇಕಾದ ಪರೀಕ್ಷೆ ಥರ್ಮಾಮೀಟರಿನದು. ಪೆಟ್ಟಿಗೆಯ ನಡುವಿನ ಮೀನಿಗೆ ಅದರ ಮೊನೆ ಚುಚ್ಚಿದರೆ ಒಂದು ನಿಮಿಷದಲ್ಲಿ ಉತ್ತರ. ಎರಡು ದಿನದ ದಾರಿ ಬಂದ ಮೀನು 12 ಡಿಗ್ರಿಯಲ್ಲಿದ್ದೂ ಸೆಟೆದು ನಿಂತಿದ್ದರೆ, ಆಗ ಪಟ್ಟಿ ಉಜ್ಜಬೇಕು. ಐಸೂ ಇಲ್ಲ, ನಾತವೂ ಇಲ್ಲ ಎಂಬುದು ಯಾವ ಬಣ್ಣಕ್ಕಿಂತ ದೊಡ್ಡ ಸುಳಿವು. ಜೊತೆಗೆ ಮೀನು ಯಾವ ಬಂದರಿನದು, ಯಾವತ್ತು ತುಂಬಿದ್ದು ಎಂಬ ಕಾಗದ ಇದ್ದರೆ ತಪ್ಪು ಎಲ್ಲಿ ನಡೆಯಿತೋ ಅಲ್ಲಿಗೆ ಹೋಗಬಹುದು.

ಹೊಡೆತ ಬೀಳುವುದು ಯಾರಿಗೆ

ಕಾಗದ ಇಲ್ಲದಾಗ ತನಿಖೆ ನಿಲ್ಲುವುದು ಕೊನೆಯ ಕೈಯಲ್ಲಿ. ನಮ್ಮಲ್ಲಿ ಆ ಕೊನೆಯ ಕೈ ಹೆಚ್ಚಾಗಿ ಮೀನು ಮಾರುವ ಮೊಗವೀರ ಹೆಂಗಸಿನದು. ಬೆಳಗ್ಗೆ ಏಲಂನಲ್ಲಿ ಕೊಂಡದ್ದನ್ನು ಸಂಜೆಯೊಳಗೆ ಮಾರಬೇಕು. ಇಟ್ಟುಕೊಳ್ಳಲು ಶೀತಲಗೃಹ ಇಲ್ಲ, ಫಾರ್ಮಾಲಿನ್ ಹಾಕಿ ಅವಳಿಗೆ ಲಾಭವೂ ಇಲ್ಲ. ಆದರೆ ಸುದ್ದಿ ಹಬ್ಬಿದ ದಿನ ಬುಟ್ಟಿ ಖಾಲಿಯಾಗದೆ ಉಳಿಯುವುದು ಅವಳದು. ಸಗಟು ವ್ಯಾಪಾರಿ ದರ ಇಳಿಸಿ ಒಂದು ವಾರ ತಾಳಿಕೊಳ್ಳುತ್ತಾನೆ. ಉಳಿದ ಮೀನು ಮೀನೆಣ್ಣೆ, ಮೀನುಹುಡಿಯ ಕಾರ್ಖಾನೆಗೂ ಹೋಗಬಹುದು. ಬುಟ್ಟಿಯಲ್ಲಿ ಉಳಿದ ಐದು ಕಿಲೋಗೆ ಆ ದಾರಿ ಇಲ್ಲ.

ಎಲ್ಲ ಹೊರಗಿನ ಮೀನನ್ನೂ ನಿಷೇಧಿಸಿದರೆ ಏನಾಗುತ್ತದೆ ಎಂಬುದನ್ನು 2018ರ ಗೋವಾ ತೋರಿಸಿದೆ. ಮೀನು ಅಭಾವವಾಗಿ ದರ ಏರುತ್ತದೆ, ಐಸಿನಲ್ಲಿ ಸರಿಯಾಗಿ ತಂದವನೂ ಡಬ್ಬಿ ಹಿಡಿದವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಐಸಿಗೆ ಹಣ ಹಾಕಿದವನಿಗೆ ಮುಂದಿನ ವರ್ಷ ಹಾಗೆ ಮಾಡಲು ಕಾರಣ ಉಳಿಯುವುದಿಲ್ಲ. ಗೋವಾ ಆಮೇಲೆ ಕೇಳಿದ ನೋಂದಣಿ ಮತ್ತು ಶಾಖ ತಡೆಯುವ ವಾಹನದ ಷರತ್ತು ಮಾತ್ರ ಸರಿಯಾದ ದಿಕ್ಕಿನದಾಗಿತ್ತು. ಸಣ್ಣ ಟೆಂಪೋದವರಿಗೆ ಅದು ಭಾರವಾದದ್ದೂ ನಿಜ. ಆ ಪೆಟ್ಟಿಗೆಗೆ ಬೇಕಾದ ಸಾಲ-ಸಹಾಯಧನ ಕೊಡುವುದು ಒಂದು ಲಾರಿ ಮೀನು ಹೂಳುವುದಕ್ಕಿಂತ ಅಗ್ಗ.

ಅಡುಗೆಮನೆಯವರೆಗೆ

ನೊಣ ಕೂರದಿದ್ದರೆ ಫಾರ್ಮಾಲಿನ್ ಇದೆ ಎಂಬ ಮಾತು ಊರಲ್ಲೆಲ್ಲ ಇದೆ. ಐಸಿನ ಮೇಲಿರುವ ಮೀನಿಗೂ ನೊಣ ಕಡಿಮೆಯೇ. ಮೂಗಿಗೆ ಹಿಡಿದು ನೋಡುವುದೂ ನೆಚ್ಚುವಂಥದ್ದಲ್ಲ, ಕಡಿಮೆ ಪ್ರಮಾಣದಲ್ಲಿ ವಾಸನೆ ಗೊತ್ತಾಗುವುದಿಲ್ಲ. ನೋಡಬೇಕಾದದ್ದು ಲಕ್ಷಣಗಳ ನಡುವಿನ ವಿರೋಧವನ್ನು: ಕಣ್ಣು ಒಳಗೆ ಹೋಗಿ ಮಂಕಾಗಿದೆ, ಕಿವಿರು ಬಣ್ಣಗೆಟ್ಟಿದೆ, ಆದರೂ ಮೈ ಮಾತ್ರ ರಬ್ಬರಿನ ಹಾಗೆ ಗಟ್ಟಿ, ಕಡಲಿನ ವಾಸನೆಯೇ ಇಲ್ಲ. ಅಂಥದ್ದನ್ನು ಬಿಡುವುದು ಒಳ್ಳೆಯದು.

ನೀರಿನಲ್ಲಿ ಚೆನ್ನಾಗಿ ತೊಳೆದು ಬೇಯಿಸಿದರೆ ಬಿಡಿಯಾಗಿರುವ ಫಾರ್ಮಾಲ್ಡಿಹೈಡ್ ಸ್ವಲ್ಪಮಟ್ಟಿಗೆ ನೀರಿಗೂ ಹಬೆಗೂ ಹೋಗುತ್ತದೆ. ಪ್ರೋಟೀನಿಗೆ ಹೊಲಿದುಕೊಂಡದ್ದು ಹೋಗುವುದಿಲ್ಲ. ಹಾಗಾಗಿ ತೊಳೆಯುವುದು ಮೀನು ಕೆರೆದು ಹಸನು ಮಾಡುವ ರೂಢಿಯ ಭಾಗವಾಗಿ ಸರಿ, ಹಾಕಿದ ವಿಷಕ್ಕೆ ಪರಿಹಾರವಾಗಿ ಅಲ್ಲ. ಜೂನ್-ಜುಲೈಯಲ್ಲಿ ನಾಡದೋಣಿಯ ಮೀನು, ಹೊಳೆಮೀನು, ಒಣಮೀನಿನ ಕಡೆ ಹೋಗುವುದು ಹಿಂದಿನಿಂದ ನಡೆದುಬಂದದ್ದೇ. ಕೊಳ್ಳುವಾಗ ‘ಇವತ್ತಿನದಾ?’ ಎಂಬ ಪ್ರಶ್ನೆಗೆ ಎಲ್ಲರೂ ಹೌದು ಎನ್ನುತ್ತಾರೆ. ‘ಯಾವ ಬಂದರಿನದು, ಐಸ್ ಎಷ್ಟು ಹಾಕಿದ್ದೀರಿ?’ ಎಂದು ಕೇಳಿದರೆ ಮಾರುವವರು ತಾವು ಕೊಂಡ ಕಡೆ ಅದನ್ನೇ ಕೇಳತೊಡಗುತ್ತಾರೆ. ಮತ್ತೆ ಕೊಂಡ ಬಂಗುಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸ್ಕೂಟರಿಗೆ ಸಿಕ್ಕಿಸಿ, ದಾರಿಯಲ್ಲಿ ಇನ್ನೆರಡು ಕೆಲಸ ಮುಗಿಸಿ, ಒಂದೂವರೆ ಗಂಟೆ ಬಿಟ್ಟು ಮನೆಗೆ ಹೋದರೆ ದಕ್ಕೆಯಿಂದ ಅಲ್ಲಿಯವರೆಗೆ ಐಸ್ ಮಾಡಿದ ಕೆಲಸವೆಲ್ಲ ಹಾಳು. ಚೀಲಕ್ಕೆ ಎರಡು ಹಿಡಿ ಐಸ್ ಹಾಕಿಕೊಡಿ ಎಂದು ಕೇಳಿ ತೆಗೆದುಕೊಂಡು, ಮೀನನ್ನು ಕೊನೆಯಲ್ಲಿ ಕೊಂಡು ನೇರ ಮನೆಗೆ ಹೋಗಬೇಕು.